ಗೆರೆ ದಾಟಿದ ಬಣ್ಣ

ಸಿನಿಮಾ ಶುರುವಾಗಿ ಐದು ನಿಮಿಷ ಕಳೆದಿರಬಹುದು, ನಾನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದೆ. ಮತ್ತೆ ಹಾಕಿಕೊಂಡೆ. ತೆರೆಯ ಮೇಲಿನ ಕಟ್ಟಡಗಳು ಆಗಲೂ ಒಂದೊಂದೂ ಒಂದೂವರೆಯಾಗಿಯೇ ಕಂಡವು. ದೂರದ ಕಿಟಕಿಗಳ ಒಂದು ಅಂಚಿನಿಂದ ಕೆಂಪು ಜಾರಿ ಹೊರಗೆ ಬಿದ್ದಿತ್ತು, ಇನ್ನೊಂದು ಅಂಚಿನಿಂದ ನೀಲಿ. ಎರಡನೆಯ ಸಲ ಕರವಸ್ತ್ರದಿಂದ ಒರೆಸಿದೆ. ಮೂರನೆಯ ಸಲ ಬಾಯಿಯ ಹಬೆ ಊದಿ ಒರೆಸಲು ಹೊರಟಾಗ ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ನನ್ನ ಕೈ ಹಿಡಿದುಕೊಂಡ. "ಮಾಮ, ಅದು ಹಾಗೇ ಇರೋದು. ಸುಮ್ಮನೆ ನೋಡು" ಅಂದ.

ಅದು ಹಾಗೇ ಇರೋದು ಎಂಬ ಮಾತನ್ನು ಆವರೆಗೆ ನನಗೆ ಇಬ್ಬರು ಹೇಳಿದ್ದರು. ನನ್ನ ಬೆನ್ನುನೋವಿನ ಬಗ್ಗೆ ಡಾಕ್ಟರು, ನನ್ನ ಗೊರಕೆಯ ಬಗ್ಗೆ ಹೆಂಡತಿ. ಇಬ್ಬರ ದನಿಯಲ್ಲೂ ಬೇಸರವಿತ್ತು. ಹುಡುಗನ ದನಿಯಲ್ಲಿ ಅದಿರಲಿಲ್ಲ, ಬದಲಿಗೆ ಒಂದು ಥರದ ಹೆಮ್ಮೆ ಇತ್ತು. ಆ ತಪ್ಪನ್ನು ತಾನೇ ಮಾಡಿದ್ದು ಎಂಬಷ್ಟು ಹೆಮ್ಮೆ.

ಕತೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯಬೇಕು. ನಾನು ಸೂಪರ್‌ಹೀರೋ ಸಿನಿಮಾಗಳ ಅಭಿಮಾನಿ. ಬೆಲ್ಟಿನ ಕೊನೆಯ ತೂತೂ ಸಾಲದೆ ಮೊಳೆಯಿಂದ ಹೊಸದೊಂದನ್ನು ಕೊರೆದುಕೊಂಡಿರುವ, ನಾಲ್ಕು ಜನರ ನಡುವೆ ಮಾಸ್ತಿ, ಕಾರಂತರ ಹೆಸರು ಹೇಳಿ ಮರ್ಯಾದೆ ಉಳಿಸಿಕೊಂಡಿರುವ ಮನುಷ್ಯ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಚಡ್ಡಿಯನ್ನು ಪ್ಯಾಂಟಿನ ಹೊರಗೆ ಹಾಕಿಕೊಳ್ಳುವ ಈ ಹೊರಚಡ್ಡಿ ವೀರರ ಮೇಲೆ ನನಗೆ ಚಿಕ್ಕಂದಿನಿಂದ ಒಂದು ಮೋಹ. ಮನೆಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ನಾನು ಮೊದಲು ತೆಗೆಯುತ್ತಿದ್ದದ್ದು ಫ್ಯಾಂಟಮ್ ಪುಟ. ಧಾರಾವಾಹಿ ಅಮ್ಮನಿಗೆ, ಪದಬಂಧ ಅಪ್ಪನಿಗೆ, ತಲೆಬುರುಡೆ ಉಂಗುರದವನು ನನಗೆ, ಹೀಗೆ ಪಾಲು ಜಗಳವಿಲ್ಲದೆ ಹಂಚಿಹೋಗಿತ್ತು.

ಈ ಅಭಿಮಾನ ಎಂಬುದಕ್ಕೆ ವಯಸ್ಸಾದಂತೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಅಭಿಮಾನಿ ಹಳಬನಾಗುತ್ತ ಅನುಮಾನಿಯಾಗುತ್ತಾನೆ. ಎರಡು ಪದಗಳಿಗೂ ನಡುವೆ ಇರುವುದು ಒಂದೇ ಅಕ್ಷರದ ಅಂತರ, ಅದನ್ನು ದಾಟಲು ನನಗೆ ಹದಿನಾರು ವರ್ಷ ಹಿಡಿಯಿತು. 2002ರಲ್ಲಿ ಟೋಬಿ ಮ್ಯಾಗ್ವಾಯರ್ ಸ್ಪೈಡರ್‌ಮ್ಯಾನ್ ಆಗಿ ಬಂದಾಗ ನಾನು ಮೊದಲ ದಿನವೇ ಕ್ಯೂನಲ್ಲಿ ನಿಂತವನು. ಅವನು ಮೂರು ಸಿನಿಮಾ ಮಾಡಿ ಹೋದ. 2012ರಲ್ಲಿ ಆಂಡ್ರ್ಯೂ ಗಾರ್ಫೀಲ್ಡ್ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅದೇ ಜೇಡ, ಅದೇ ಕಡಿತ, ಅದೇ ಸಾವು. 2017ರಲ್ಲಿ ಟಾಮ್ ಹಾಲೆಂಡ್ ತನ್ನದೇ ಸಿನಿಮಾದಲ್ಲಿ ಬಂದ. ಅವನನ್ನು 2018ರ ಬೇಸಿಗೆಯಲ್ಲಿ, ಅವೆಂಜರ್ಸ್ ಸಿನಿಮಾದ ಕೊನೆಯಲ್ಲಿ, ಬೂದಿ ಮಾಡಿ ಗಾಳಿಗೆ ತೂರಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಬ್ಬ ಬರುತ್ತಾನೆ, ಅದೂ ಕಾರ್ಟೂನಿನಲ್ಲಿ ಎಂದರೆ ನಾನು ಏನೆನ್ನಬೇಕು? ಸಾಲದ್ದಕ್ಕೆ ಇದನ್ನು ಮಾಡುತ್ತಿದ್ದ ಸೋನಿಯ ಅನಿಮೇಷನ್ ವಿಭಾಗ ಹಿಂದಿನ ವರ್ಷವಷ್ಟೇ ಮೊಬೈಲಿನ ಎಮೋಜಿಗಳನ್ನು ಪಾತ್ರವಾಗಿಸಿ ಒಂದು ಸಿನಿಮಾ ತೆಗೆದಿತ್ತು. ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಅಮೆರಿಕದವರು ತಮಾಷೆಗೆ ಕೊಡುವ ಗೋಲ್ಡನ್ ರಾಸ್‌ಬೆರಿ ಅದಕ್ಕೆ ಸಿಕ್ಕಿತು. ಆ ಗೌರವ ಪಡೆದ ಮೊದಲ ಅನಿಮೇಷನ್ ಚಿತ್ರ ಅದೇ. ಮಂದಹಾಸದ ಹಳದಿ ಮುಖಗಳನ್ನು ಕುಣಿಸಿದ ಕೈಗಳೇ ಈಗ ನನ್ನ ಜೇಡನನ್ನು ಕುಣಿಸುತ್ತವೆ ಎಂದಾಗ ನನ್ನೊಳಗಿನ ಅನುಮಾನಿ ಕಾಲು ಚಾಚಿ ಕೂತುಬಿಟ್ಟ.

"ನೀನು ಬರಲ್ಲ ಅಂತ ಗೊತ್ತಿತ್ತು, ಅದಕ್ಕೇ ನಿನ್ನ ಕಾರ್ಡಿನಲ್ಲೇ ಟಿಕೆಟ್ ಬುಕ್ ಮಾಡಿದೆ" ಎಂದ ಅಕ್ಕನ ಮಗ. ದುಡ್ಡು ಕೊಟ್ಟ ಮೇಲೆ ಯಾವ ಕನ್ನಡಿಗನೂ ಸಿನಿಮಾ ಬಿಡುವುದಿಲ್ಲ ಎಂಬುದು ಹದಿನಾರರ ಹುಡುಗನಿಗೂ ತಿಳಿದಿತ್ತು.

ಜೇಡ ಎಂದಾಗ ಒಂದು ಮಾತು ನೆನಪಾಗುತ್ತದೆ. ಸಿನಿಮಾ ಎಲ್ಲೂ ಓಡಿಹೋಗುವುದಿಲ್ಲ, ಆ ಹುಡುಗ ಅಲ್ಲೇ ಗೋಡೆಗೆ ಅಂಟಿಕೊಂಡಿರುತ್ತಾನೆ, ನಾವು ಸ್ವಲ್ಪ ಅಡ್ಡಾಡಿ ಬರೋಣ. ನಮ್ಮ ಅಜ್ಜಿಗೆ ಜೇಡ ಅಂದರೆ ಆಗುತ್ತಿರಲಿಲ್ಲ. ಯುಗಾದಿಗೆ ಎಂಟು ದಿನ ಇರುವಾಗ ಉದ್ದನೆಯ ಗಳುವಿಗೆ ಪೊರಕೆ ಕಟ್ಟಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಅಡುಗೆಮನೆಯ ತೊಲೆಯಿಂದ ಇಲ್ಲಣ ಇಳಿಸುತ್ತಿದ್ದಳು. ಇಲ್ಲಣ ಎಂಬ ಪದವನ್ನು ಈಗ ಯಾರೂ ಆಡುವುದಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಹೊಗೆಯಿಲ್ಲ, ಹೊಗೆಯಿಲ್ಲದ ಮೇಲೆ ಜೇಡರ ಬಲೆಗೆ ಮಸಿ ಹಿಡಿದು ಕರೀ ಜಾಲರಿಯಾಗಿ ತೂಗುವ ಆ ವಸ್ತುವೇ ಇಲ್ಲ. ವಸ್ತು ಇಲ್ಲವಾದ ಮೇಲೆ ಇಲ್ಲಣ ತಾನೂ ಇಲ್ಲವಾಯಿತು. ಹೆಸರಿನಲ್ಲೇ ಇಲ್ಲ ಎಂದು ಹೇಳಿಕೊಂಡು ಬಂದಿದ್ದ ಪದ ಅದು, ಎಷ್ಟು ದಿನ ಉಳಿದೀತು!

ಆದರೆ ಅದೇ ಅಜ್ಜಿ ಕಾಳಹಸ್ತಿಯ ಕತೆ ಹೇಳುವಾಗ ಜೇಡನ ಪಕ್ಷ ವಹಿಸುತ್ತಿದ್ದಳು. ಶಿವಲಿಂಗಕ್ಕೆ ಬಿಸಿಲು ತಾಗದಿರಲಿ ಎಂದು ಬಲೆ ನೆಯ್ದ ಜೇಡ, ಪೂಜೆ ಮಾಡಿದ ಹಾವು, ಆನೆ. ಆ ಮೂರೂ ಸೇರಿ ಊರಿಗೆ ಶ್ರೀ, ಕಾಳ, ಹಸ್ತಿ ಎಂದು ಹೆಸರಾಯಿತಂತೆ. ಸಾಲಿನಲ್ಲಿ ಮೊದಲು ನಿಂತಿರುವುದು ಜೇಡ, ಆನೆಗಿಂತ ಮುಂದೆ. ಇನ್ನು ಕನ್ನಡದಲ್ಲಿ ಜೇಡ ಎಂದರೆ ಬಲೆ ನೇಯುವ ಹುಳವೂ ಹೌದು, ಬಟ್ಟೆ ನೇಯುವ ಮನುಷ್ಯನೂ ಹೌದು. ಜೇಡರ ದಾಸಿಮಯ್ಯ ಮುದನೂರಿನಲ್ಲಿ ಮಗ್ಗದ ಮುಂದೆ ಕೂತು ವಚನ ಹೇಳಿದವನು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಎಂಬಿಬ್ಬರು 1962ರಲ್ಲಿ ಪೀಟರ್ ಪಾರ್ಕರ್ ಎಂಬ ಹುಡುಗನನ್ನು ಜೇಡಮಾನವ ಮಾಡುವುದಕ್ಕೆ ನೂರಾರು ವರ್ಷ ಮೊದಲೇ ನಮ್ಮಲ್ಲೊಬ್ಬ ಜೇಡಮಾನವ ಇದ್ದ ಎಂದು ನಾನು ಅಕ್ಕನ ಮಗನಿಗೆ ಹೇಳಿದೆ. ಅವನು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಲಿಲ್ಲ.

ಸರಿ, ಒಳಗೆ ಬರೋಣ.

ತೆರೆಯ ಮೇಲಿನ ಹುಡುಗನ ಹೆಸರು ಮೈಲ್ಸ್ ಮೊರಾಲಿಸ್. ಬ್ರೂಕ್ಲಿನ್‌ನವನು. ಅಪ್ಪ ಆಫ್ರಿಕನ್ ಅಮೆರಿಕನ್ ಪೊಲೀಸ್, ಅಮ್ಮ ಪೋರ್ಟೊ ರಿಕೊ ಮೂಲದ ನರ್ಸ್. ಅಮ್ಮ ಸ್ಪ್ಯಾನಿಷ್‌ನಲ್ಲಿ ಮಾತಾಡುವಾಗ ಕೆಳಗೆ ಸಬ್‌ಟೈಟಲ್ ಬರುವುದಿಲ್ಲ, ಬೇಕಾಗುವುದೂ ಇಲ್ಲ. ಶಾಲೆಗೆ ಹೊತ್ತಾಯಿತು ಎಂದು ಅಮ್ಮ ಅವಸರಪಡಿಸುವುದು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಅಪ್ಪ ಮಗನನ್ನು ಪೊಲೀಸ್ ಕಾರಿನಲ್ಲಿ ತಂದು ಬಿಟ್ಟು, ಶಾಲೆಯ ಎಲ್ಲರೆದುರು ಮೈಕಿನಲ್ಲಿ, ನಿನ್ನ ಮೇಲೆ ನನಗೆ ಪ್ರೀತಿ, ನೀನೂ ತಿರುಗಿ ಹೇಳು ಎಂದು ಹಟ ಹಿಡಿಯುತ್ತಾನೆ. ನನ್ನ ಅಪ್ಪ ಆ ಮಾತನ್ನು ಮೈಕಿನಲ್ಲಿರಲಿ, ಪಿಸುದನಿಯಲ್ಲೂ ಆಡಿದವರಲ್ಲ. ಆದರೂ ಆ ಹುಡುಗನ ಕಿವಿ ಕೆಂಪಾದದ್ದು ನನ್ನ ಕಿವಿಗೆ ತಾಗಿತು.

ಈ ಮೈಲ್ಸ್ ಕೂಡ ಅನುಮಾನದಲ್ಲೇ ಹುಟ್ಟಿದವನು. 2011ರಲ್ಲಿ ಬ್ರಯಾನ್ ಮೈಕೆಲ್ ಬೆಂಡಿಸ್ ಬರೆದು ಸಾರಾ ಪಿಕೆಲ್ಲಿ ಚಿತ್ರಿಸಿ ಅವನನ್ನು ಕಾಮಿಕ್ಸಿಗೆ ತಂದಾಗ, ಸ್ಪೈಡರ್‌ಮ್ಯಾನ್ ಹೀಗಿರುತ್ತಾನೆಯೇ ಎಂದು ಹಳಬರು ಮೂಗು ಮುರಿದಿದ್ದರು. ಹಳಬರ ಮೂಗು ಇರುವುದೇ ಅದಕ್ಕೆ. ನನ್ನದನ್ನೂ ಮುರಿದುಕೊಂಡೇ ಒಳಗೆ ಹೋಗಿದ್ದೆ.

ಒಬ್ಬನ ವೇಷ ಇನ್ನೊಬ್ಬ ಹಾಕಬಾರದು ಎಂಬ ಈ ಹಟ ಬಯಲಾಟ ನೋಡಿ ಬೆಳೆದವನಿಗೆ ಹೇಗೆ ಬಂತೋ ಕಾಣೆ. ನಮ್ಮೂರಿನಲ್ಲಿ ಕರ್ಣಾರ್ಜುನ ಕಾಳಗವನ್ನು ಪ್ರತಿ ವರ್ಷ ಆಡುತ್ತಿದ್ದರು. ಕರ್ಣ ಪ್ರತಿ ವರ್ಷ ಸಾಯುತ್ತಿದ್ದ. ಯಾರೂ, ಅಯ್ಯೋ ಹೋದ ವರ್ಷವೇ ಸತ್ತಿದ್ದನಲ್ಲ, ಮತ್ತೆ ಯಾಕೆ ಎಂದು ಎದ್ದು ಹೋಗಲಿಲ್ಲ. ಈ ಸಲದ ಕರ್ಣ ಹೇಗೆ ಸಾಯುತ್ತಾನೆ ಎಂದು ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎಂದು ಕುಮಾರವ್ಯಾಸ ಗೇಲಿ ಮಾಡಿದ, ನಿಜ. ಹಾಗೆಂದು ಅವನೇನು ಹೊಸ ಕತೆ ಕಟ್ಟಲಿಲ್ಲ, ಎಲ್ಲರಿಗೂ ಗೊತ್ತಿದ್ದ ಭಾರತವನ್ನೇ ತೆಗೆದುಕೊಂಡು ಕೂತ.

ಎ.ಕೆ. ರಾಮಾನುಜನ್ ತಮ್ಮ 'ಮುನ್ನೂರು ರಾಮಾಯಣಗಳು' ಪ್ರಬಂಧವನ್ನು ಒಂದು ಉಂಗುರದ ಕತೆಯಿಂದ ಶುರು ಮಾಡುತ್ತಾರೆ. ರಾಮನ ಉಂಗುರ ನೆಲದ ತೂತಿನಲ್ಲಿ ಜಾರಿಹೋಗುತ್ತದೆ. ಹನುಮಂತ ಚಿಕ್ಕವನಾಗಿ ಅದರ ಹಿಂದೆಯೇ ಪಾತಾಳಕ್ಕೆ ಇಳಿಯುತ್ತಾನೆ. ಅಲ್ಲಿನ ಭೂತಗಳ ರಾಜ ಒಂದು ತಟ್ಟೆ ತಂದಿಡುತ್ತಾನೆ. ತಟ್ಟೆಯ ತುಂಬ ಸಾವಿರಾರು ಉಂಗುರ, ಎಲ್ಲವೂ ರಾಮನದೇ, ಎಲ್ಲವೂ ಒಂದೇ ಥರ. ನಿನ್ನ ರಾಮನದು ಯಾವುದೋ ಆರಿಸಿಕೋ ಎನ್ನುತ್ತಾನೆ. ಹನುಮಂತ ತಲೆ ಅಲ್ಲಾಡಿಸಿ ನಿಲ್ಲುತ್ತಾನೆ. ಒಬ್ಬೊಬ್ಬ ರಾಮನ ಅವತಾರ ಮುಗಿದಾಗಲೂ ಒಂದೊಂದು ಉಂಗುರ ಕೆಳಗೆ ಬೀಳುತ್ತದೆ, ಬಿದ್ದದ್ದನ್ನೆಲ್ಲ ಆ ರಾಜ ಎತ್ತಿಟ್ಟುಕೊಂಡಿದ್ದಾನೆ.

'ಸ್ಪೈಡರ್‌ಮ್ಯಾನ್: ಇಂಟು ದ ಸ್ಪೈಡರ್‌ವರ್ಸ್' ಸಿನಿಮಾದ ಕತೆಯೂ ಅಷ್ಟೇ, ಭೂತರಾಜನ ತಟ್ಟೆ ತಲೆಕೆಳಗಾಗಿ ಉಂಗುರಗಳೆಲ್ಲ ಬ್ರೂಕ್ಲಿನ್ನಿನ ಮೇಲೆ ಸುರಿಯುತ್ತವೆ. ಖಳನಾಯಕ ಕಿಂಗ್‌ಪಿನ್ ತಾನು ಕಳೆದುಕೊಂಡ ಹೆಂಡತಿ ಮಗನನ್ನು ಬೇರೆ ಲೋಕದಿಂದ ಎಳೆದು ತರಲು ಒಂದು ಯಂತ್ರ ಕಟ್ಟಿದ್ದಾನೆ. (ಅವನ ಆಕಾರವನ್ನು ನೀವು ನೋಡಬೇಕು, ಮದುವೆಮನೆಯ ಗೋದ್ರೆಜ್ ಬೀರುವಿಗೆ ಕೋಟು ತೊಡಿಸಿ, ಮೇಲೆ ತಲೆಯಿಡಲು ಜಾಗವಿಲ್ಲದೆ ಎದೆಯಲ್ಲೇ ಅಂಟಿಸಿದ ಹಾಗೆ.) ಯಂತ್ರ ಎಡವಟ್ಟಾಗಿ ಬೇರೆ ಬೇರೆ ಲೋಕದ ಸ್ಪೈಡರ್‌ಗಳು ಇಲ್ಲಿ ಬಂದು ಬೀಳುತ್ತಾರೆ. ಗ್ವೆನ್ ಎಂಬ ಹುಡುಗಿ. ಕಪ್ಪು ಬಿಳುಪು ಲೋಕದ ಒಬ್ಬ ಪತ್ತೇದಾರ. ರೋಬೋ ಜತೆಗಿರುವ ಜಪಾನೀ ಶೈಲಿಯ ಪುಟ್ಟ ಹುಡುಗಿ, ಪಾಪ, ಅವಳಿಗೆ ಹೆಚ್ಚು ಕೆಲಸ ಕೊಟ್ಟಿಲ್ಲ. ಒಂದು ಹಂದಿ. ಹೌದು, ಹಂದಿಯೇ. ವರಾಹಾವತಾರ ಕಂಡ ನಮಗೆ ಅದರಲ್ಲಿ ಆಶ್ಚರ್ಯವಿಲ್ಲ. ಮತ್ತೊಬ್ಬ ಪೀಟರ್ ಪಾರ್ಕರ್, ಅವನ ವಿಷಯ ಮುಂದೆ ಹೇಳುತ್ತೇನೆ, ನನ್ನ ಹೊಟ್ಟೆಗೆ ಸಂಬಂಧಪಟ್ಟದ್ದು.

ಆ ಕಪ್ಪು ಬಿಳುಪು ಪತ್ತೇದಾರನಿಗೆ ಬಣ್ಣ ಎಂದರೇನೆಂದು ತಿಳಿಯದು. ಅವನ ಕೈಗೆ ರೂಬಿಕ್ ಕ್ಯೂಬ್ ಸಿಗುತ್ತದೆ. ಲೋಕ ಮುಳುಗುತ್ತಿರುವಾಗ ಅವನು ಅದನ್ನು ತಿರುಗಿಸುತ್ತ ನಿಲ್ಲುತ್ತಾನೆ, ಇದರಲ್ಲಿ ಏನೋ ಇದೆ, ಏನೆಂದು ಗೊತ್ತಾಗುತ್ತಿಲ್ಲ ಎಂಬ ಮುಖ ಮಾಡಿಕೊಂಡು. ಲೋಕೋದ್ಧಾರ ಮುಗಿದ ಮೇಲೆ ಅದನ್ನು ಮನೆಗೂ ಒಯ್ಯುತ್ತಾನೆ. ಅವನನ್ನು ನೋಡುತ್ತಿದ್ದಾಗಲೇ ನನಗೆ ನನ್ನ ಚಿಕ್ಕಪ್ಪ ನೆನಪಾದದ್ದು.

ಚಿಕ್ಕಪ್ಪ ಜಿಲ್ಲಾ ಊರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಮೊದಲು ಮೊಳೆ ಜೋಡಿಸುತ್ತಿದ್ದವನು, ಆಮೇಲೆ ಬಣ್ಣದ ಮೆಷಿನ್ನಿಗೆ ಬಂದ. ಬಣ್ಣದ ಚಿತ್ರ ಅಚ್ಚಾಗುವುದು ನಾಲ್ಕು ಸಲ ಎಂದು ನನಗೆ ಹೇಳಿಕೊಟ್ಟವನು ಅವನೇ. ಹಳದಿಗೆ ಒಂದು ಪ್ಲೇಟು, ಮಜೆಂಟಾಕ್ಕೆ ಒಂದು, ಸಯಾನ್ ನೀಲಿಗೆ ಒಂದು, ಕಪ್ಪಿಗೆ ಒಂದು. ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರಬೇಕು. ಹಾಳೆಯ ಮೂಲೆಯಲ್ಲಿ ಕೂಡಿಸುವ ಗುರುತಿನಂತೆ ಪುಟ್ಟ ಗೀಟುಗಳಿರುತ್ತವೆ. ಚಿಕ್ಕಪ್ಪ ಭೂತಗನ್ನಡಿ ಇಟ್ಟು ಅದನ್ನು ನೋಡಿ, "ಹ್ಞೂಂ, ರಿಜಿಸ್ಟರ್ ಕೂತಿಲ್ಲ" ಎನ್ನುತ್ತಿದ್ದ. ಕೂತಿಲ್ಲದ ಹಾಳೆಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು. ಜೂನ್ ತಿಂಗಳಲ್ಲಿ ನಮ್ಮ ನೋಟ್ ಬುಕ್ಕುಗಳಿಗೆ ಹಾಕುತ್ತಿದ್ದ ಬೈಂಡು ಅದೇ. ಲೆಕ್ಕದ ಪುಸ್ತಕಕ್ಕೆ ಎರಡು ಜತೆ ತುಟಿಯ ಲಕ್ಷ್ಮಿ. ಸಮಾಜಕ್ಕೆ ಮೂಗುತಿ ಕೆನ್ನೆಗೆ ಸರಿದ ಸರಸ್ವತಿ. ಊದಿನಕಡ್ಡಿ ಕಂಪನಿಯ ಕ್ಯಾಲೆಂಡರಿನ ಕೃಷ್ಣನ ನೀಲಿ ಅವನ ಮೈಬಿಟ್ಟು ಹಸುವಿನ ಮೇಲೆ ಹರಿದಿತ್ತು. ಬೇರೆ ಮಕ್ಕಳ ಪುಸ್ತಕಗಳಿಗೆ ಖಾಕಿ ಬೈಂಡು. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಬೇಸರದ ಪಾಠದ ನಡುವೆ ಆ ಲಕ್ಷ್ಮಿಯ ಮುಖವನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡುತ್ತ ಕೂರುತ್ತಿದ್ದೆ. ದೃಷ್ಟಿ ಸ್ವಲ್ಪ ಸಡಿಲ ಬಿಟ್ಟರೆ ಅವಳು ತಲೆ ಅಲ್ಲಾಡಿಸಿದಂತೆ ಕಾಣುತ್ತಿತ್ತು.

ಫ್ಯಾಂಟಮ್ಮನೂ ಹಾಗೆಯೇ ಬರುತ್ತಿದ್ದ. ಅವನ ಬಣ್ಣ ಅವನಿಗಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತಿತ್ತು. ವೇಗವಾಗಿ ಓಡುವವನಾದ್ದರಿಂದ ಹಾಗೆ ಎಂದು ನಾನು ಬಹಳ ದಿನ ನಂಬಿದ್ದೆ.

ಈ ವೀರರ ಬಣ್ಣದ ಕತೆ ಕೆದಕಿದರೆ ಅಲ್ಲೆಲ್ಲ ಅಚ್ಚಿನ ಮನೆಯ ಕೈವಾಡವೇ. ಫ್ಯಾಂಟಮ್‌ನ ಅಂಗಿ ಬೂದು ಬಣ್ಣದ್ದೆಂದು ಅವನ ಕರ್ತೃ ಲೀ ಫಾಕ್ ಅಂದುಕೊಂಡಿದ್ದ. 1939ರಲ್ಲಿ ಭಾನುವಾರದ ಬಣ್ಣದ ಪುಟಕ್ಕೆ ಬಂದಾಗ ನೋಡಿದರೆ ನೇರಳೆ. ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದು ಮೈಯವನು. ಆ ಬೂದು ಒಂದು ಪುಟದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಅಚ್ಚಾಗಿ ಕಾಟ ಕೊಟ್ಟಿತೆಂದು ಎರಡನೆಯ ಸಂಚಿಕೆಗೆ ಹಸಿರು ಬಳಿದರು. ಜಗತ್ತನ್ನು ನಡುಗಿಸುವ ಆ ಹಸಿರು ಸಿಟ್ಟಿನ ಹಿಂದೆ ಶಾಯಿ ಸರಿಯಾಗಿ ಹಿಡಿಯದ ಒಂದು ಮೆಷಿನ್ ಇದೆ. ಚಿಕ್ಕಪ್ಪನಿಗೆ ಇದನ್ನು ಹೇಳಿದ್ದರೆ, "ಮತ್ತೆ! ಎಲ್ಲ ನಮ್ಮ ಕೈಯಲ್ಲೇ ಇರೋದು" ಎಂದು ಬೀಡಿ ಹಚ್ಚುತ್ತಿದ್ದ.

ಆಗ ಹೊಳೆಯಿತು, ನಾನು ಕನ್ನಡಕ ಯಾಕೆ ಒರೆಸುತ್ತಿದ್ದೆ ಎಂದು. ತೆರೆಯ ಮೇಲಿನ ಬ್ರೂಕ್ಲಿನ್ನಿಗೆ ರಿಜಿಸ್ಟರ್ ಕೂತಿರಲಿಲ್ಲ!

ಬೇಕೆಂದೇ ಕೂರಿಸಿರಲಿಲ್ಲ. ಸಾಮಾನ್ಯವಾಗಿ ಕ್ಯಾಮೆರಾ ದೂರದ್ದನ್ನು ಮಸುಕಾಗಿಸುತ್ತದೆ. ಇವರು ಮಸುಕಾಗಿಸದೆ, ಬಣ್ಣಗಳನ್ನು ಒಂದರ ಮೇಲಿಂದ ಒಂದನ್ನು ಜಾರಿಸಿದ್ದಾರೆ, ಅಗ್ಗದ ಕಾಮಿಕ್ಸಿನಲ್ಲಿ ಜಾರಿದಂತೆ. ನೆರಳಿರುವಲ್ಲಿ ಗೀಟುಗಳು, ಬೆಳಕಿರುವಲ್ಲಿ ಹಳೆಯ ಅಚ್ಚಿನ ಚುಕ್ಕಿಗಳು. ಹುಡುಗನ ಕೆನ್ನೆಯನ್ನು ಹತ್ತಿರದಿಂದ ತೋರಿಸಿದಾಗ ಅಲ್ಲೂ ಚುಕ್ಕಿ, ಭೂತಗನ್ನಡಿಯಲ್ಲಿ ಕಂಡ ಲಕ್ಷ್ಮಿಯ ಕೆನ್ನೆಯ ಹಾಗೆ. ಕಂಪ್ಯೂಟರಿನಲ್ಲಿ ಮೂಡಿಸಿದ ಮುಖಗಳ ಮೇಲೆ ಕಲಾವಿದರು ಗೆರೆ ಎಳೆದಿದ್ದಾರೆ, ಹುಬ್ಬು ಗಂಟಿಕ್ಕಿದರೆ ಅಲ್ಲೊಂದು ಗೀಚು. ಜೇಡ ಕಡಿದ ಮೇಲೆ ಹುಡುಗನ ಯೋಚನೆಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಅವನ ಪಕ್ಕದಲ್ಲೇ ಮೂಡತೊಡಗುತ್ತವೆ. 3ಡಿ ಸಿನಿಮಾಕ್ಕೆ ಕನ್ನಡಕವಿಲ್ಲದೆ ಬಂದೆವೇನೋ ಎಂದು ತಬ್ಬಿಬ್ಬಾದವರು ಆ ಡಿಸೆಂಬರಿನಲ್ಲಿ ನಾನೊಬ್ಬನೇ ಅಲ್ಲವಂತೆ, ಅದೊಂದು ಸಮಾಧಾನ.

140ಕ್ಕೂ ಹೆಚ್ಚು ಅನಿಮೇಟರುಗಳು ಕೂತು ಮಾಡಿದ್ದು ಈ ತಪ್ಪನ್ನು. ಬೇರೆ ಅನಿಮೇಷನ್ ಚಿತ್ರಗಳಲ್ಲಿ ಒಬ್ಬ ವಾರಕ್ಕೆ ನಾಲ್ಕು ಸೆಕೆಂಡಿನಷ್ಟು ಚಲನೆ ಮುಗಿಸಿದರೆ ಇಲ್ಲಿ ಮುಗಿಯುತ್ತಿದ್ದದ್ದು ಒಂದೇ ಸೆಕೆಂಡ್. ಒಂದು ಸೆಕೆಂಡಿಗೆ ಒಂದು ವಾರ! ನಾನು ಈ ಪ್ಯಾರಾ ಬರೆಯಲು ತೆಗೆದುಕೊಂಡ ಹೊತ್ತು ನೋಡಿದರೆ ನನಗೂ ಅಲ್ಲೊಂದು ಕುರ್ಚಿ ಸಿಗಬಹುದಿತ್ತು.

ಇನ್ನೊಂದು ಚಮತ್ಕಾರ ಮಾಡಿದ್ದಾರೆ, ಅದನ್ನು ಅಕ್ಕನ ಮಗ ಮನೆಗೆ ಬಂದ ಮೇಲೆ ಹೇಳಿಕೊಟ್ಟ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಮೈಲ್ಸ್‌ನ ಒಂದೊಂದು ಭಂಗಿಯನ್ನು ಎರಡೆರಡು ಚಿತ್ರದ ಕಾಲ ಹಾಗೇ ನಿಲ್ಲಿಸಿದ್ದಾರೆ, ಅಂದರೆ ಅವನು ಸೆಕೆಂಡಿಗೆ 12 ಸಲ ಮಾತ್ರ ಕದಲುತ್ತಾನೆ. ಕಾಡಿನಲ್ಲಿ ಅವನೂ ಆ ಮತ್ತೊಬ್ಬ ಪೀಟರನೂ ಮರದಿಂದ ಮರಕ್ಕೆ ತೂಗುತ್ತ ಓಡುವಾಗ ಪಕ್ಕದ ಪೀಟರ್ ಪೂರಾ 24ರಲ್ಲಿ ಎಣ್ಣೆ ಸುರಿದಂತೆ ಹೋಗುತ್ತಾನೆ, ಹುಡುಗ ಮಾತ್ರ ತಡವರಿಸುತ್ತ, ಕುಪ್ಪಳಿಸುತ್ತ, ಗಾಳಿಯಲ್ಲಿ ಎಡವುತ್ತ. ವಿದ್ಯೆ ಕೈ ಹತ್ತಿದಂತೆ ಅವನೂ 24ಕ್ಕೆ ಏರುತ್ತಾನೆ. ನೋಡುವಾಗ ನನಗೆ ಇದರ ಲೆಕ್ಕ ತಿಳಿದಿರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯುತ್ತ ಕಲಿತ ನನ್ನ ಮೊಣಕಾಲಿಗೆ ಮಾತ್ರ ತಿಳಿದಿತ್ತು, ಅದು ಆ ದೃಶ್ಯದುದ್ದಕ್ಕೂ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು.

ಸಂಗೀತ ಮಾಡಿದ ಡೇನಿಯಲ್ ಪೆಂಬರ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ. ವಾದ್ಯವೃಂದ ನುಡಿಸಿದ್ದನ್ನು ರೆಕಾರ್ಡ್ ತಟ್ಟೆಗೆ ಹಾಕಿಸಿ, ಅದನ್ನು ಡಿಜೆಗಳು ಮಾಡುವಂತೆ ಹಿಂದೆ ಮುಂದೆ ತಿಕ್ಕಿಸಿ ಕರಕರ ಸದ್ದು ಎಬ್ಬಿಸಿದ. ನಮ್ಮ ಮನೆಯ ಗ್ರಾಮಫೋನಿನಲ್ಲಿ ನಾನು ಹಾಗೆ ಮಾಡಿ ಬೆನ್ನಿಗೆ ಎರಡು ತಿಂದಿದ್ದೆ.

ಮೈಲ್ಸ್‌ನ ಬದುಕಿನ ತುಂಬ ಇಂಥ ಬೇಕೆಂದೇ ಮಾಡಿದ ತಪ್ಪುಗಳೇ. ಶೂ ಲೇಸು ಸದಾ ಬಿಚ್ಚಿರುತ್ತದೆ, ಯಾರಾದರೂ ಹೇಳಿದರೆ, ಬೇಕೆಂದೇ ಬಿಟ್ಟಿದ್ದೇನೆ ಎನ್ನುತ್ತಾನೆ. ಹೊಸ ಶಾಲೆ ಹಿಡಿಸದೆ, ಹೊರಹಾಕಲಿ ಎಂದು ಸರಿ ತಪ್ಪು ಪರೀಕ್ಷೆಯಲ್ಲಿ ಸೊನ್ನೆ ತೆಗೆಯುತ್ತಾನೆ. ಮೇಷ್ಟ್ರು ಜಾಣೆ, ಕಣ್ಣು ಮುಚ್ಚಿ ಗುರುತು ಹಾಕಿದರೂ ಸುಮಾರು ಅರ್ಧ ಸರಿಯಾಗುತ್ತದೆ, ಅಷ್ಟನ್ನೂ ತಪ್ಪು ಬರೆಯಬೇಕಾದರೆ ಅಷ್ಟೂ ಉತ್ತರ ಗೊತ್ತಿರಬೇಕು ಎಂದು ಹಿಡಿದುಹಾಕುತ್ತಾಳೆ. ನನ್ನ ಲೆಕ್ಕದ ಮೇಷ್ಟರು ಈ ತರ್ಕವನ್ನು ನನ್ನ ವಿಷಯದಲ್ಲಿ ಪ್ರಯೋಗಿಸಲಿಲ್ಲ. ನಾನು ಪ್ರಾಮಾಣಿಕವಾಗಿಯೇ ಸೊನ್ನೆಯ ಹತ್ತಿರ ಸುಳಿದವನು ಎಂದು ಅವರಿಗೆ ಲಕ್ಷ್ಮಿಯ ತುಟಿಯಿಂದಲೇ ತಿಳಿದಿರಬೇಕು.

ಆ ಹುಡುಗನಿಗೆ ಡಿಕನ್ಸನ ಕಾದಂಬರಿ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಮೇಲೆ ಪ್ರಬಂಧ ಬರೆಯಲು ಕೊಟ್ಟಿದ್ದಾರೆ. ಅವನು ರಾತ್ರಿ ಹಾಸ್ಟೆಲಿನಿಂದ ಕದ್ದು ಹೊರಟು, ಅಪ್ಪನ ಒಡಹುಟ್ಟಿದ ಆ್ಯರನ್‌ನ ಜತೆ ಸುರಂಗದ ಗೋಡೆಯ ಮೇಲೆ ಸ್ಪ್ರೇ ಬಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಾನೆ, ಯಾವ ನಿರೀಕ್ಷೆಯೂ ಇಲ್ಲ ಎಂದು. ಜೇಡ ಕಡಿಯುವುದು ಅಲ್ಲಿಯೇ. ಯಾವ ನಿರೀಕ್ಷೆಯೂ ಇಲ್ಲದೆ ಕೂತಿದ್ದ ನನ್ನ ಕೈಯ ಮೇಲೂ ಆಗ ಏನೋ ಚುರುಕ್ ಎಂದಿತು. (ಸೊಳ್ಳೆ ಇದ್ದಿರಬಹುದು.) ಅಂದಹಾಗೆ ಆ್ಯರನ್ ಅಪ್ಪನ ಅಣ್ಣನೋ ತಮ್ಮನೋ ನನಗೆ ಗೊತ್ತಿಲ್ಲ, ಇಂಗ್ಲಿಷಿನ ಅಂಕಲ್ ಎಂಬ ಪದದಲ್ಲಿ ಎಲ್ಲರೂ ಅಡಗಿಕೊಳ್ಳುತ್ತಾರೆ. ಆದರೆ ರಾತ್ರಿ ಹೊತ್ತು ಹುಡುಗನನ್ನು ಕರೆದುಕೊಂಡು ಹೋಗಿ ಗೋಡೆ ಬರಹ ಕಲಿಸುವವನು ಚಿಕ್ಕಪ್ಪನೇ ಆಗಿರಬೇಕು. ದೊಡ್ಡಪ್ಪಂದಿರು ಅಂಥ ಕೆಲಸ ಮಾಡುವುದಿಲ್ಲ. ಆ ಚಿಕ್ಕಪ್ಪನಿಗೆ ಮುಂದೆ ಏನಾಗುತ್ತದೆ ಎಂಬುದನ್ನು ನೋಡದವರಿಗಾಗಿ ಹೇಳುವುದಿಲ್ಲ. ನನ್ನ ಕನ್ನಡಕ ನಾಲ್ಕನೆಯ ಸಲ ಒರೆಸುವ ಹಾಗಾಯಿತು, ಈ ಸಲ ಅಕ್ಕನ ಮಗ ಕೈ ಹಿಡಿಯಲಿಲ್ಲ.

ಈಗ ಹೊಟ್ಟೆಯ ವಿಷಯ. ಬೇರೆ ಲೋಕದಿಂದ ಬಂದ ಆ ಪೀಟರನಿಗೆ ಮದುವೆ ಮುರಿದಿದೆ, ಗಡ್ಡ ಬಂದಿದೆ, ವೀರವೇಷದ ಕೆಳಭಾಗಕ್ಕೆ ಮಾಸಲು ಪೈಜಾಮದಂಥದ್ದು, ಮೇಲೆ ಬೊಜ್ಜು. ಶಿಷ್ಯನಿಗೆ ಉಪದೇಶ ಮಾಡಬೇಕಾದವನು ಅವನ ಕಾಸಿನಲ್ಲಿ ಬರ್ಗರ್ ತಿನ್ನುತ್ತಾನೆ. ಇಷ್ಟು ವರ್ಷದಲ್ಲಿ ತೆರೆಯ ಮೇಲೆ ನನ್ನ ಆಕಾರದ ವೀರನೊಬ್ಬನನ್ನು ಕಂಡದ್ದು ಇದೇ ಮೊದಲು. ಬೆಲ್ಟಿನ ಹೊಸ ತೂತನ್ನು ಕತ್ತಲಲ್ಲಿ ಸವರಿಕೊಂಡೆ. ಅಕ್ಕನ ಮಗ ನನ್ನತ್ತ ತಿರುಗಿ ನಕ್ಕ, ಆದರೆ ಏನೂ ಹೇಳಲಿಲ್ಲ. ಅಕ್ಕ ಮಗನನ್ನು ಚೆನ್ನಾಗಿ ಬೆಳೆಸಿದ್ದಾಳೆ.

ಸ್ಟ್ಯಾನ್ ಲೀ ಇದರಲ್ಲಿ ವೇಷದ ಅಂಗಡಿಯ ಮುದುಕನಾಗಿ ಬರುತ್ತಾನೆ. ಅವನು ತೀರಿಕೊಂಡದ್ದು ನವೆಂಬರ್ 12ಕ್ಕೆ, ಸಿನಿಮಾ ಬಂದದ್ದು ಒಂದು ತಿಂಗಳ ಮೇಲೆ. ಜೇಡನಿಗೆ ಮೊದಲು ರೂಪ ಕೊಟ್ಟ ಡಿಟ್ಕೋ ಅದೇ ವರ್ಷ ಜೂನಿನಲ್ಲಿ ಹೋಗಿದ್ದ. ತೆರೆಯ ಮೇಲೆ ಆ ಮುದುಕ ಕಂಡಾಗ ಸಭಾಂಗಣದಲ್ಲಿ ಪಾಪ್‌ಕಾರ್ನ್ ಸದ್ದು ನಿಂತಿತು. ಈ ಅಂಗಿ ನನಗೆ ಆಗದಿದ್ದರೆ ವಾಪಸ್ ಕೊಡಬಹುದೇ ಎಂದು ಹುಡುಗ ಕೇಳುತ್ತಾನೆ. ಇವತ್ತಲ್ಲ ನಾಳೆ ಆಗೇ ಆಗುತ್ತದೆ ಎನ್ನುತ್ತಾನೆ ಮುದುಕ. ಎಲ್ಲರ ಕಣ್ಣು ಒದ್ದೆಯಾಗುವಷ್ಟರಲ್ಲಿ ಅವನ ಪಕ್ಕದ ಬೋರ್ಡು ಕಾಣುತ್ತದೆ, ಮಾರಿದ ಮಾಲು ವಾಪಸ್ ಇಲ್ಲ! ನಗುತ್ತ ನಗುತ್ತ ನನಗೆ ಜವಳಿ ಅಂಗಡಿಯ ಬೆಂಚಿನ ಮೇಲೆ ಕೂತ ಅಮ್ಮ ಕಂಡಳು. ಮೇ ತಿಂಗಳ ಕೊನೆ, ಯೂನಿಫಾರಂ ಖರೀದಿ. ಚಡ್ಡಿ ಮೊಣಕಾಲ ಕೆಳಗೆ, ತೋಳು ಮೊಣಕೈ ಕೆಳಗೆ. "ಬೆಳೀತಾನೆ ಬಿಡಿ, ಆಗುತ್ತೆ" ಎಂದು ಅಮ್ಮ, "ಆಗೇ ಆಗುತ್ತೆ ತಾಯಿ" ಎಂದು ಅಂಗಡಿಯವನು, ಇಬ್ಬರೂ ನನ್ನನ್ನು ಕೇಳದೆ ಒಪ್ಪಂದಕ್ಕೆ ಬರುತ್ತಿದ್ದರು. ಅದು ಸರಿಯಾಗಿ ಮೈಗೆ ಕೂರುವ ಹೊತ್ತಿಗೆ ಹರಿದಿರುತ್ತಿತ್ತು.

ಮೈಲ್ಸ್‌ನ ಅಂಗಿ ಮಾತ್ರ ಹರಿಯುವ ಮೊದಲೇ ಕೂತಿತು. ಅವನು ಹಳೆಯ ಕೆಂಪು ನೀಲಿ ವೇಷದ ಮೇಲೆ ಕರಿ ಬಣ್ಣ ಊದಿ, ಜೇಡನ ಗುರುತನ್ನು ಕೆಂಪು ಸ್ಪ್ರೇಯಿಂದ ಬಿಡಿಸಿಕೊಳ್ಳುತ್ತಾನೆ. ಅಂಚು ಸೋರಿದೆ, ಒರಟು ಒರಟು. ಆಮೇಲೆ ಆಕಾಶಮುಟ್ಟಿ ಕಟ್ಟಡದ ಗಾಜಿನ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾನೆ. ಹೆದರಿಕೆಗೆ ಬೆರಳು ಬಿಡುತ್ತಿಲ್ಲ. ಆದರೂ ಹಾರುತ್ತಾನೆ. ಬಿಡದ ಬೆರಳುಗಳು ಗಾಜನ್ನೂ ಕಿತ್ತುಕೊಂಡು ಹೋಗುತ್ತವೆ, ಚೂರುಗಳು ಅವನ ಜತೆಗೇ ಮಿನುಗುತ್ತ ಬರುತ್ತವೆ. ಆಗ ಕ್ಯಾಮೆರಾ ತಲೆಕೆಳಗು. ನಗರ ಮೇಲಿದೆ, ಹುಡುಗ ಕೆಳಗಿನಿಂದ ಅದರತ್ತ ಏರುತ್ತಿರುವ ಹಾಗಿದೆ. ಒಂದು ಕ್ಷಣ ಸದ್ದೇ ಇಲ್ಲ. ಹಗಲೆಲ್ಲ ಹೀಗೆ ಮಾತಾಡುವ ನಾನು ಆ ಹೊತ್ತಿನಲ್ಲಿ ಏನು ಯೋಚಿಸಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ.

ಹಾಗೆಂದು ಎಲ್ಲವೂ ಸಮ ಎನ್ನಲಾರೆ. ಕೊನೆಯ ಹೊಡೆದಾಟ ಬಣ್ಣದೋಕುಳಿಯ ಮರುದಿನದ ಬಚ್ಚಲಿನಂತಿದೆ. ಯಾರು ಯಾರನ್ನು ಹೊಡೆದರು ಎಂದು ತಿಳಿಯುವುದರೊಳಗೆ ಮುಗಿಯುತ್ತದೆ, ಆದರೂ ಬಹಳ ಹೊತ್ತು ಮುಗಿಯುವುದಿಲ್ಲ. ಆದರೂ ಈ ಸಿನಿಮಾಕ್ಕೆ 2019ರಲ್ಲಿ ಅನಿಮೇಷನ್ ಚಿತ್ರಗಳ ಆಸ್ಕರ್ ಬಂತು. ಅದಕ್ಕೆ ಮೊದಲಿನ ಆರು ವರ್ಷ ಆ ಪ್ರಶಸ್ತಿ ಡಿಸ್ನಿ, ಪಿಕ್ಸಾರ್ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. 2023ರಲ್ಲಿ ಎರಡನೆಯ ಭಾಗ ಬಂದಾಗ ನಮ್ಮ ದೇಶದಲ್ಲಿ ಹತ್ತು ಭಾಷೆಯಲ್ಲಿ ಬಿಟ್ಟರು, ಕನ್ನಡವೂ ಒಂದು. ಅದರಲ್ಲಿ ಪವಿತ್ರ ಪ್ರಭಾಕರ ಎಂಬ ನಮ್ಮವನೇ ಒಬ್ಬ ಜೇಡ ಇದ್ದಾನೆ. ಅವನ ಊರು ಮುಂಬಯಿಯನ್ನೂ ಮ್ಯಾನ್‌ಹ್ಯಾಟನ್ನನ್ನೂ ಕಲಸಿ ಮಾಡಿದ್ದು. ಆಗ ಮಾತ್ರ ನಾನು ಯಾವ ಅನುಮಾನವೂ ಇಲ್ಲದೆ ಹೋಗಿದ್ದೆ. ಅದಕ್ಕೇ ಇರಬೇಕು, ಮೊದಲಿನದರಷ್ಟು ರುಚಿಸಲಿಲ್ಲ.

ಮೊದಲ ಸಿನಿಮಾ ನೋಡಿ ಎರಡು ವಾರವಾಗಿರಬಹುದು, ಪೇಪರ್ ಓದುವಾಗ ತಲೆಬರಹಕ್ಕೂ ಒಂದು ನೆರಳು ಕಂಡಿತು. ಇದನ್ನು ಯಾವ ಕಲಾವಿದರೂ ಬೇಕೆಂದು ಮಾಡಿರಲಾರರು ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಗೋಡೆಯ ಅಕ್ಷರ ಓದಿಸಿ, ಗಾಜು ಬದಲಾಯಿಸುತ್ತ ಬದಲಾಯಿಸುತ್ತ, "ಎರಡೂ ಕಣ್ಣಿಗೆ ಪವರ್ ಏರಿದೆ. ಬಹಳ ದಿನ ಆಯ್ತಲ್ಲ ಬಂದು? ದೂರದ್ದು ಎರಡೆರಡಾಗಿ ಕಾಣ್ತಿತ್ತಾ?" ಎಂದು ಕೇಳಿದರು.

ನಾನು ಯೋಚನೆಗೆ ಬಿದ್ದೆ. ಹಾಗಾದರೆ ಆ ಬ್ರೂಕ್ಲಿನ್ನಿನಲ್ಲಿ ಎಷ್ಟು ಅವರು ಜಾರಿಸಿದ್ದು, ಎಷ್ಟು ನಾನು ಜಾರಿಸಿದ್ದು?

ಹೊಸ ಕನ್ನಡಕ ಮೂರು ದಿನಕ್ಕೆ ತಯಾರಾಯಿತು. ಅಂಗಡಿಯವರು ಎರಡು ಸಲ ಫೋನ್ ಮಾಡಿದರು. ಬರುತ್ತೇನೆ, ಸ್ವಲ್ಪ ಕೆಲಸವಿದೆ ಎಂದೆ. ಊರಾಚೆಯ ಒಂದು ಥಿಯೇಟರಿನಲ್ಲಿ ಇನ್ನೂ ಒಂದು ಬೆಳಗಿನ ಆಟ ಉಳಿದಿತ್ತು. ಅಕ್ಕನ ಮಗನಿಗೆ ಕಾಲೇಜು. ಹಳೆಯ ಕನ್ನಡಕವನ್ನು ಒರೆಸದೆ ಹಾಕಿಕೊಂಡು ಒಬ್ಬನೇ ಬಸ್ಸು ಹತ್ತಿದೆ.